ಅಂಚಿನ ತುಂಡು

ಹಿಂದಿನ ಎಡಮೂಲೆ ಮತ್ತೆ ಕಪ್ಪಾಗಿತ್ತು. ಓವನ್ನಿನ ಬಾಗಿಲು ಇಳಿಸಿ, ಮುಖಕ್ಕೆ ಬಡಿದ ಬಿಸಿಗೆ ಕಣ್ಣು ಕಿರಿದು ಮಾಡಿಕೊಂಡು ಚೈತನ್ಯಾ ಮೊದಲು ಹುಡುಕಿದ್ದೇ ಆ ಮೂಲೆಯನ್ನು. ಒಳಗಿದ್ದ ಎರಡು ದುಂಡು ಟಿನ್ನುಗಳು ಒಂದೇ ಅಂಗಡಿಯಲ್ಲಿ ಒಂದೇ ದಿನ ತಂದವು. ಒಂದೇ ಬೋಗುಣಿಯ ಹಿಟ್ಟನ್ನು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ತೂಗಿ, ಕೊನೆಗೆ ಇದರಿಂದ ಒಂದು ಚಮಚ ತೆಗೆದು ಅದಕ್ಕೆ ಹಾಕಿ, ಎರಡಕ್ಕೂ ಸರಿಸಮ ಸುರಿದಿದ್ದಳು. ಆದರೂ ಬಲಗಡೆಯದು ಹದವಾಗಿ ಹೊಂಬಣ್ಣಕ್ಕೆ ಬಂದಿತ್ತು. ಎಡಗಡೆಯದು ಮುಂದೆ ಹೊಂಬಣ್ಣ, ಹಿಂದೆ ಸುಟ್ಟ ಬೆಲ್ಲದ ಬಣ್ಣ, ಸಾಲದ್ದಕ್ಕೆ ಆ ಕಡೆಗೇ ಉಬ್ಬಿ ಓರೆಯಾಗಿತ್ತು. ಒಂದರ ಮೇಲೊಂದಿಟ್ಟು ನಡುವೆ ಕ್ರೀಮು ಹಚ್ಚಿದರೆ ಮೇಲಿನದು ಜಾರುವುದು ಖಂಡಿತ. ಬಿಸಿ ಎಲ್ಲ ಕಡೆಗೂ ಒಂದೇ ಸಮ ಹರಡಲಿ ಅಂತಲೇ ಬೆನ್ನಲ್ಲಿ ಫ್ಯಾನಿದೆ ಮೇಡಂ, ಇನ್ನು ಯೋಚನೆಯೇ ಇಲ್ಲ ಎಂದು ಓವನ್ ಮಾರಿದವನು ಹೇಳಿದ್ದ. ಕನ್ವೆಕ್ಷನ್ ಎಂಬ ಮಾತನ್ನು ಅವನು ಒಂದು ಬಗೆಯ ಭಕ್ತಿಯಿಂದ ಉಚ್ಚರಿಸಿದ್ದ. ಆ ಭಕ್ತಿಗೆ ಮರುಳಾದೆ ಎಂದು ಅವಳಿಗೆ ಈಗ ಸಿಟ್ಟು ಬಂತು. ಸಿಟ್ಟನ್ನು ತೋರಿಸಲು ಯಾರೂ ಇರಲಿಲ್ಲವಾದ್ದರಿಂದ ಬಟ್ಟೆ ಹಿಡಿದು ಎರಡೂ ಟಿನ್ನುಗಳನ್ನು ಕಟ್ಟೆಯ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು.

ಸಂಜೆ ನೀಲಗಂಗಮ್ಮನವರು ದಾವಣಗೆರೆಯಿಂದ ಬರುವವರಿದ್ದರು. ಅವರನ್ನು ಗೊರಗುಂಟೆಪಾಳ್ಯದಲ್ಲಿ ಬಸ್ಸಿಳಿಸಿಕೊಳ್ಳಲು ಕೊಟ್ರೇಶ್ ಕಾರು ತೆಗೆದುಕೊಂಡು ಹೋಗಿದ್ದ, ಚಿಕ್ಕ ಮಗಳು ಇಂಚರಾಳೂ ಹಟ ಮಾಡಿ ಅಪ್ಪನ ಜೊತೆ ಹೊರಟಿದ್ದಳು. ನೀಲಗಂಗಮ್ಮ ಕೊಟ್ರೇಶನ ಮೊದಲ ಹೆಂಡತಿಯ ತಾಯಿ. ಆ ಹೆಂಡತಿ ತೀರಿಕೊಂಡಾಗ ಬಿಟ್ಟುಹೋದ ಮಗಳು ಶರಣ್ಯಾ ಈಗ ಹತ್ತನೇ ಕ್ಲಾಸು ಮುಗಿಸಿ, ಹಜಾರದ ಆಚೆಗಿನ ರೂಮಿನಲ್ಲಿ ಬಾಗಿಲು ಅರ್ಧ ಮುಚ್ಚಿಕೊಂಡು ಕೂತಿದ್ದಳು. ಪಿಯುಸಿಗೆ ಮೊಮ್ಮಗಳನ್ನು ದಾವಣಗೆರೆಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಒಳ್ಳೆಯ ಕಾಲೇಜುಗಳಿವೆ, ನನಗೂ ಜೊತೆಯಾಗುತ್ತದೆ ಎಂದು ಅಜ್ಜಿ ಫೋನಿನಲ್ಲಿ ಹೇಳಿ ಎರಡು ವಾರವಾಗಿತ್ತು. ಈ ಸಲ ಬಂದಾಗ ಕೇಳಿಯೇ ತೀರ್ಮಾನ ಮಾಡೋಣ ಎಂದಿದ್ದರು. ಯಾರನ್ನು ಕೇಳುವುದು ಎಂಬುದೊಂದೇ ತೀರ್ಮಾನವಾಗಿರಲಿಲ್ಲ. ಕೊಟ್ರೇಶ್ ಅದು ಶರಣ್ಯಾಳ ಇಷ್ಟ ಎನ್ನುತ್ತಿದ್ದ. ಯಾವ ಕಷ್ಟದ ಮಾತನ್ನೂ ಇನ್ನೊಬ್ಬರ ಇಷ್ಟಕ್ಕೆ ಬಿಟ್ಟು ಕೈ ತೊಳೆದುಕೊಳ್ಳುವುದರಲ್ಲಿ ಅವನು ಪಳಗಿದವನು. ಚೈತನ್ಯಾಳನ್ನು ಕೇಳಿದಾಗ ಅವಳು, ಅವಳಿಗೆ ಹೇಗೆ ಅನುಕೂಲವೋ ಹಾಗೆ ಎಂದಿದ್ದಳು. ಆ ಮಾತು ಎಷ್ಟು ನುಣುಪಾಗಿ, ಎಷ್ಟು ಸುರಕ್ಷಿತವಾಗಿ ಬಾಯಿಂದ ಬಂತೆಂದರೆ ಆಮೇಲೆ ಅವಳಿಗೇ ಹೇಸಿಗೆಯಾಯಿತು. ಬೇಡ ಅಂದರೆ ಚಿಕ್ಕದನ್ನು ನೋಡಿಕೊಳ್ಳಲು ದೊಡ್ಡದು ಬೇಕು, ಅದಕ್ಕೇ ಕಳಿಸುತ್ತಿಲ್ಲ ಎನ್ನುತ್ತಾರೆ. ಹೋಗಲಿ ಅಂದರೆ ಮಲತಾಯಿ ಕೊನೆಗೂ ಓಡಿಸಿದಳು ಎನ್ನುತ್ತಾರೆ. ಕೆಂಗೇರಿಯಲ್ಲಿರುವ ಅವಳ ತಾಯಿಯೂ ಬೆಳಗ್ಗೆ ಫೋನು ಮಾಡಿ, ನೀನು ಎರಡೂ ಅನ್ನಬೇಡ, ಬಾಯಿ ಮುಚ್ಚಿಕೊಂಡು ಕಾಫಿ ಕೊಡು ಸಾಕು ಎಂದು ಬುದ್ಧಿ ಹೇಳಿದ್ದಳು. ಕಾಫಿಯ ಜೊತೆಗೆ ಶರಣ್ಯಾ ಪಾಸಾದದ್ದಕ್ಕೆಂದು ಒಂದು ಕೇಕೂ ಇರಲಿ ಎಂದುಕೊಂಡದ್ದು ಚೈತನ್ಯಾಳದೇ ಯೋಚನೆ. ಮೊಟ್ಟೆ ಹಾಕದೆ, ಮೊಸರು ಹಾಕಿದ್ದು, ನೀಲಗಂಗಮ್ಮನವರೂ ತಿನ್ನಬಹುದಾದದ್ದು. ಯಾರೂ ಬೆರಳು ತೋರಿಸಲಾಗದಂತೆ, ಎರಡು ಪದರವೂ ಒಂದೇ ಎತ್ತರ, ಒಂದೇ ಬಣ್ಣ ಇರುವಂಥದ್ದು.

ಹಿಟ್ಟನ್ನು ಮತ್ತೆ ಕಲಸಬೇಕು. ಅದಕ್ಕೆ ಇನ್ನೂ ಹೊತ್ತಿತ್ತು. ಮೈದಾ ಜರಡಿ ಹಿಡಿಯುತ್ತ, ಈ ತೂಗುವ ಚಟ ಕೇಕಿನಿಂದ ಬಂದದ್ದಲ್ಲ ಎಂದು ಅವಳಿಗೆ ಹೊಳೆಯಿತು. ಹೊಳೆಯುವುದೇನು, ಅವಳಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಶ್ರೀಗಂಧದ ಕಾವಲ್‌ನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಬಾಳೆಲೆಯ ಸಾಲಿನಲ್ಲಿ ಮಕ್ಕಳಿಗೆ ಹೋಳಿಗೆ ಬಡಿಸುತ್ತಿದ್ದಳು, ಹೊಸ ಸೊಸೆ ಎಂದು ತುಪ್ಪದ ಗಿಂಡಿಯನ್ನೂ ಅವಳ ಕೈಗೇ ಕೊಟ್ಟಿದ್ದರು. ಕೊಟ್ರೇಶನ ಸೋದರತ್ತೆ ಕಸ್ತೂರೆವ್ವ ಸಾಲಿನ ಹಿಂದೆ ನಿಧಾನವಾಗಿ ನಡೆದು ಬಂದವಳು ಶರಣ್ಯಾಳ ಎಲೆಯ ಹತ್ತಿರ ಬಗ್ಗಿ, ಹೋಳಿಗೆಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ, ಅಡಿಯಲ್ಲಿ ತುಪ್ಪ ಇಳಿದಿದೆಯೋ ಇಲ್ಲವೋ ನೋಡಿದಳು. ನೋಡಿ, ಬಿಟ್ಟು, ಏನೂ ಅನ್ನದೆ ಮುಂದೆ ಹೋದಳು. ತುಪ್ಪ ಇತ್ತು. ಬೇಕಾದಷ್ಟು ಇತ್ತು. ಆದರೆ ಆ ಎರಡು ಬೆರಳು ಚೈತನ್ಯಾಳ ಮನಸ್ಸಿನಲ್ಲಿ ಇವತ್ತಿಗೂ ಹೋಳಿಗೆ ಎತ್ತುತ್ತಲೇ ಇವೆ. ಆಗಿನ್ನೂ ಇಂಚರಾ ಹುಟ್ಟಿರಲಿಲ್ಲ. ಹುಟ್ಟಿದ ಮೇಲೆ ಅಳತೆ ಶುರುವಾಯಿತು. ಲೋಟದ ಹಾಲು ಬೆಳಕಿಗೆ ಹಿಡಿದು ನೋಡುವುದು, ದೀಪಾವಳಿಯ ಬಟ್ಟೆ ಒಂದೇ ಅಂಗಡಿಯಲ್ಲಿ ಕೊಳ್ಳುವುದು, ಮಾವಿನಹಣ್ಣು ಹೆಚ್ಚಿದರೆ ಶರಣ್ಯಾಗೆ ಕೆನ್ನೆಯ ಹೋಳು, ಓಟೆ ಚೀಪಲು ಇಂಚರಾಗೆ. ದೋಸೆ ಹರಿದುಹೋದರೆ ಅದು ಇಂಚರಾಳ ತಟ್ಟೆಗೆ, ಇಲ್ಲವೇ ತನ್ನದಕ್ಕೆ. ಶರಣ್ಯಾಳ ತಟ್ಟೆಗೆ ಹರಿದ ದೋಸೆ ಎಂದೂ ಹೋದದ್ದಿಲ್ಲ. ಈ ಮನೆಯಲ್ಲಿ ಯಾರು ಬಂದು ಯಾವ ಹೋಳಿಗೆ ಎತ್ತಿ ನೋಡಿದರೂ ಅಡಿಯಲ್ಲಿ ತುಪ್ಪ ಇದ್ದೇ ಇರಬೇಕು. ಇದನ್ನು ಅವಳು ನ್ಯಾಯವೆಂದು ತಿಳಿದಿದ್ದಳು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಶರಣ್ಯಾ ಇಷ್ಟು ವರ್ಷಗಳಲ್ಲಿ ಅವಳನ್ನು ಏನೆಂದೂ ಕರೆದಿರಲಿಲ್ಲ. ಅಮ್ಮ ಅಲ್ಲ, ಚಿಕ್ಕಮ್ಮ ಅಲ್ಲ, ಆಂಟಿಯೂ ಅಲ್ಲ. ಏನಾದರೂ ಬೇಕಾದರೆ ಹತ್ತಿರ ಬಂದು, ಇವಳು ತಿರುಗಿ ನೋಡುವ ತನಕ ಸುಮ್ಮನೆ ನಿಂತಿರುತ್ತಿದ್ದಳು.

ವಿಜಯನಗರದಲ್ಲಿ ಬೇಕಿಂಗ್ ಕ್ಲಾಸು ನಡೆಸುವ ಆತ್ರೇಯ ಎಂಬ ಗಡ್ಡದ ಯುವಕನಿಗೆ ಅವಳು ಮೊನ್ನೆ ಫೋನು ಮಾಡಿದ್ದಳು. ಅವನು ಹೇಳಿದ್ದನ್ನೆಲ್ಲ ಈಗ ಒಂದೊಂದಾಗಿ ಜ್ಞಾಪಿಸಿಕೊಂಡಳು. ಬರೆದಿರುವ ಶಾಖಕ್ಕಿಂತ ಇಪ್ಪತ್ತು ಡಿಗ್ರಿ ಇಳಿಸಿ, ಫ್ಯಾನಿನ ಗಾಳಿ ಬೇಗ ಬೇಯಿಸುತ್ತದೆ. ಟಿನ್ನು ಟಿನ್ನಿಗೆ ತಾಗಬಾರದು, ಗೋಡೆಗೂ ತಾಗಬಾರದು, ಗಾಳಿಗೆ ಸುತ್ತಲು ದಾರಿ ಬಿಡಿ. ಟಿನ್ನಿಗೆ ಹಾಸಿದ ಬೆಣ್ಣೆ ಕಾಗದದ ಹೊರಚಾಚಿದ ಕಿವಿ ಗಾಳಿಗೆ ಹಾರಿ ಕೇಕಿಗೆ ಅಂಟುತ್ತದೆ, ಹಿಟ್ಟಿನ ಚುಕ್ಕೆ ಇಟ್ಟು ಟಿನ್ನಿಗೇ ಅಂಟಿಸಿಬಿಡಿ. ಮೇಲ್ಭಾಗ ಗಟ್ಟಿಯಾದ ಮೇಲೆ ಒಂದೇ ಒಂದು ಸಲ ತೆರೆದು ಹಿಂದಿನದನ್ನು ಮುಂದೆ ತಿರುಗಿಸಿ. ಸುಮ್ಮಸುಮ್ಮನೆ ಬಾಗಿಲು ತೆಗೆದು ಇಣುಕಬೇಡಿ, ಗಾಜು ಇರುವುದು ನೋಡಲಿಕ್ಕೇ. ಎಲ್ಲ ಹೇಳಿ ಕೊನೆಗೆ, ಓವನ್ನನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದ. ಅಡುಗೆಮನೆಯ ಆಗ್ನೇಯ ಮೂಲೆಯಲ್ಲಿ ಎಂದಳು. ಬೆಂಕಿ ಇರಬೇಕಾದದ್ದು ಅಲ್ಲೇ ಎಂದು ಕಸ್ತೂರೆವ್ವ ನಿಂತು ಇಡಿಸಿದ್ದು. ಬೆನ್ನೂ ಎಡಪಕ್ಕವೂ ಗೋಡೆಗೆ ಒತ್ತಿಕೊಂಡೇ ಇತ್ತು. ಅದಕ್ಕೇ ಮೇಡಂ, ಅದಕ್ಕೆ ಉಸಿರಾಡಲಿಕ್ಕೆ ಜಾಗವಿಲ್ಲ, ಬೇರೆ ರೂಮು ಇಲ್ಲವಾ ಎಂದು ಆತ್ರೇಯ ಕೇಳಿದ್ದಕ್ಕೆ ಅವಳು, ಸದ್ಯಕ್ಕಿಲ್ಲ ಎಂದಳು. ಸದ್ಯಕ್ಕೆ. ಫೋನು ಇಟ್ಟ ಮೇಲೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡತೊಡಗಿತು. ಇವತ್ತು ಬೆಳಗ್ಗೆ ಇನ್ನೂ ಕೆಟ್ಟದ್ದಾಯಿತು. ಶರಣ್ಯಾ ಸ್ನಾನಕ್ಕೆ ಹೋದಾಗ ಮಡಚಿದ ಬಟ್ಟೆ ಇಡಲು ಅವಳ ರೂಮಿಗೆ ಹೋದವಳು, ಕಿಟಕಿಯ ಪಕ್ಕದ ಖಾಲಿ ಗೋಡೆಯನ್ನು ನೋಡುತ್ತ ನಿಂತಳು. ಇಲ್ಲಿಟ್ಟರೆ ಸುತ್ತ ಒಂದು ಮೊಳ ಜಾಗ ಉಳಿಯುತ್ತದೆ. ಪಕ್ಕದಲ್ಲಿ ಟಿನ್ನುಗಳಿಗೊಂದು ಸ್ಟ್ಯಾಂಡು. ಪ್ಲಗ್ಗು ಇದೆ. ಕಿಟಕಿಯಿಂದ ಗಾಳಿಯೂ ಬರುತ್ತದೆ. ಇಷ್ಟೆಲ್ಲ ಯೋಚಿಸಿ ಆದ ಮೇಲೆಯೇ ತಾನು ಯೋಚಿಸುತ್ತಿರುವುದು ಏನೆಂದು ಅವಳಿಗೆ ತಿಳಿದದ್ದು. ಕೈಯಲ್ಲಿ ಆ ಹುಡುಗಿಯ ಚೂಡಿದಾರದ ಮೇಲ್ವಸ್ತ್ರ ಇನ್ನೂ ಹಾಗೆಯೇ ಇತ್ತು. ಅದನ್ನು ಹಾಸಿಗೆಯ ಮೇಲೆ ಬಿಸಾಡಿದಂತೆ ಇಟ್ಟು ಹೊರಗೆ ಬಂದುಬಿಟ್ಟಳು.

ಓವನ್ನನ್ನು ಎರಡೂ ಕೈಯಿಂದ ಹಿಡಿದು, ಕಟ್ಟೆಯ ಮೇಲೆ ಕಿರ್ರೆನ್ನಿಸುತ್ತ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಳು. ಆಗ್ನೇಯ ಆಗ್ನೇಯವಾಗಿಯೇ ಉಳಿಯಿತು. ಈಗ ಅರ್ಧ ಕಟ್ಟೆ ಅದಕ್ಕೇ ಹೋಗಿ, ಒಲೆಯ ಮುಂದೆ ನಿಲ್ಲಲು ಓರೆಯಾಗಬೇಕಿತ್ತು. ಹೊಸ ಹಿಟ್ಟನ್ನು ತೂಗಿ, ಕಾಗದದ ಕಿವಿಗಳನ್ನು ಅಂಟಿಸಿ, ಎರಡು ಟಿನ್ನುಗಳ ನಡುವೆ ಬೆರಳಾಡಿಸಿ ನೋಡಿ, ಬಾಗಿಲು ಮುಚ್ಚಿದಳು. ಫ್ಯಾನು ಗುಂಯ್ಯೆಂದಿತು. ಒಳಗಿನ ಹಳದಿ ದೀಪದಲ್ಲಿ ಹಿಟ್ಟು ಏನೂ ಆಗದೆ ಕೂತಿತ್ತು. ಕರೆಂಟು ಹೋದರೆ ಎಂಬ ದಿಗಿಲು ಒಮ್ಮೆ, ಕಾರು ಬಂದುಬಿಟ್ಟರೆ ಎಂಬ ದಿಗಿಲು ಒಮ್ಮೆ. ಸ್ಟೂಲು ಎಳೆದುಕೊಂಡು ಗಾಜಿನ ಮುಂದೆ ಕೂತಳು, ಎದ್ದಳು, ಪಾತ್ರೆ ತೊಳೆಯಲು ಹೋಗಿ ನಲ್ಲಿ ತಿರುಗಿಸಿ ಮತ್ತೆ ಬಂದು ಕೂತಳು. ಬಾಗಿಲಿನ ಹಿಡಿಯ ಮೇಲೆ ಕೈ ತಾನಾಗಿಯೇ ಹೋಗುತ್ತಿತ್ತು. ಹಿಂದಿನ ತಿಂಗಳು ಇದೇ ಅನ್ನಪೂರ್ಣೇಶ್ವರಿ ನಗರದಲ್ಲಿ, ಮೂರನೇ ತಿರುವಿನ ಮನೆಯೊಂದರ ಹುಟ್ಟುಹಬ್ಬಕ್ಕೆ ಅವಳು ಮಾಡಿಕೊಟ್ಟ ಕೇಕು ಹೋಗಿತ್ತು. ಕರೆದರೆಂದು ಹೋದವಳ ಕಣ್ಣೆದುರಿಗೇ ಆ ಮನೆಯಾಕೆ ಫೋಟೋ ತೆಗೆಯುವ ಮುಂಚೆ ಕೇಕಿನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ, ವಾಲಿದ ಭಾಗವನ್ನು ಗೋಡೆಗೆ ಮಾಡಿದಳು. ಆಮೇಲೆ ತುಂಬಾ ಚೆನ್ನಾಗಿದೆ ಎಂದಳು. ಅಷ್ಟೊಂದು ಸೌಜನ್ಯದಿಂದ ಯಾರೂ ಚೈತನ್ಯಾಳನ್ನು ಅವಮಾನಿಸಿರಲಿಲ್ಲ. ತಾನೂ ಮನೆಗೆ ಯಾರಾದರೂ ಬಂದಾಗ ಏನನ್ನೋ ಹೀಗೆಯೇ ಗೋಡೆಗೆ ತಿರುಗಿಸಿ ನಿಲ್ಲುತ್ತೇನಲ್ಲ ಎಂದು ಅನ್ನಿಸಿತು. ಆ ಹುಡುಗಿ ಹೋದರೆ ಮನೆಯಲ್ಲಿ ಎಷ್ಟು ಹಗುರ. ಇಂಚರಾಳನ್ನು ಎತ್ತಿ ಮುದ್ದಿಸುವಾಗ ಬಾಗಿಲ ಕಡೆ ನೋಡಬೇಕಾಗಿಲ್ಲ. ಹೋಗಲಿ. ಇಲ್ಲ, ಹೀಗೆ ಅಂದುಕೊಳ್ಳಬಾರದು. ಅಂದುಕೊಳ್ಳುವುದು ಪಾಪವಾದರೆ ಅದು ಆಗಲೇ ಆಗಿಹೋಗಿತ್ತು; ಹಿಟ್ಟು ಈಗ ನಡುವೆ ಸ್ವಲ್ಪ ಉಸಿರು ತುಂಬಿಕೊಳ್ಳುತ್ತಿತ್ತು.

ಶರಣ್ಯಾ ಯಾವಾಗ ಬಂದಳೋ ಗೊತ್ತಾಗಲಿಲ್ಲ. ನೀರು ಕುಡಿಯಲು ಬಂದಿದ್ದಳು, ಕೈಯಲ್ಲಿ ಬಾಟಲಿಯಿತ್ತು. ಕಟ್ಟೆಯ ಅರ್ಧಕ್ಕೆ ಬಂದು ನಿಂತಿದ್ದ ಓವನ್ನನ್ನೂ, ಆಚೆ ಬದಿಗೆ ತಳ್ಳಿದ್ದ ಮೊದಲ ಸಲದ ಕೇಕುಗಳನ್ನೂ ನೋಡಿದಳು. ಆಮೇಲೆ, ಯಾರೂ ಇಲ್ಲದ ಅಡುಗೆಮನೆಯಲ್ಲಿ ಮಾಡುವಷ್ಟು ಸಹಜವಾಗಿ, ಓರೆಯಾಗಿದ್ದ ಕೇಕಿನ ಕಪ್ಪಾದ ಅಂಚನ್ನು ಮುರಿದು ಬಾಯಿಗಿಟ್ಟುಕೊಂಡಳು. ಕರುಂ ಎಂದು ಸದ್ದಾಯಿತು. ಚೈತನ್ಯಾ ಸ್ಟೂಲಿನಿಂದ ಎದ್ದೇಬಿಟ್ಟಳು.

"ಅದು ಬೇಡ ಕಣೇ, ಸುಟ್ಟಿದೆ. ಇನ್ನೊಂದು ಬೇಯ್ತಾ ಇದೆ, ಚೆನ್ನಾಗಿರೋದು ಕೊಡ್ತೀನಿ."

"ನಂಗೆ ಇದೇ ಇಷ್ಟ," ಎಂದಳು ಶರಣ್ಯಾ, ಇನ್ನೊಂದು ತುಂಡು ಮುರಿಯುತ್ತ.

ಯಾವತ್ತೂ ಹೇಳಲೇ ಇಲ್ಲವಲ್ಲ ಎಂದು ಚೈತನ್ಯಾ ಕೇಳಿದಳು. ಕೇಳುವಾಗ ದನಿಯಲ್ಲಿ ಆಪಾದನೆ ಬಂದದ್ದು ಅವಳಿಗೇ ಕೇಳಿಸಿತು. ಶರಣ್ಯಾ ಅಗಿಯುವುದನ್ನು ಮುಗಿಸಿ, ಬೆರಳಿಗೆ ಅಂಟಿದ್ದನ್ನು ನೆಕ್ಕಿ, ಅಂಚಿನದೆಲ್ಲ ಯಾವಾಗಲೂ ಇಂಚರಾಗೆ ಹೋಗುತ್ತಲ್ಲ, ನನಗೆ ಮಧ್ಯದ್ದು ಬರುತ್ತೆ ಎಂದಳು. ದೂರಿನ ಹಾಗಿರಲಿಲ್ಲ. ಸ್ಕೂಲಿನ ಬಸ್ಸು ಯಾವ ದಾರಿಯಲ್ಲಿ ಬರುತ್ತದೆ ಎಂದು ಹೇಳಿದ ಹಾಗಿತ್ತು.

"ಮಧ್ಯದ್ದೇ ಮೆತ್ತಗಿರುತ್ತೆ ಅಂತ ನಿಂಗೆ ಕೊಡ್ತಿದ್ದೆ."

"ಗೊತ್ತು. ಮನೆಗೆ ಯಾರಾದ್ರೂ ಬಂದ್ರೆ ಮಧ್ಯದ್ದೇ ತಾನೇ ಕೊಡೋದು."

ಫ್ಯಾನು ಗುಂಯ್ಯೆನ್ನುತ್ತಿತ್ತು. ಹರಿಯದ ದೋಸೆಗಳು, ಮಾವಿನ ಕೆನ್ನೆಗಳು, ಬೆಳಕಿಗೆ ಹಿಡಿದ ಲೋಟಗಳು ಒಂದರ ಹಿಂದೊಂದು ಚೈತನ್ಯಾಳ ಕಣ್ಣ ಮುಂದೆ ಬಂದವು. ಓಟೆ ಚೀಪುತ್ತ ಮೊಣಕೈ ತನಕ ರಸ ಸುರಿಸಿಕೊಂಡು ಬೈಸಿಕೊಳ್ಳುತ್ತಿದ್ದ ಇಂಚರಾ. ಎದುರಿಗೆ, ಚಮಚದಲ್ಲಿ ಹೋಳು ತಿನ್ನುತ್ತ ಅದನ್ನು ನೋಡುತ್ತಿದ್ದ ಇವಳು. ಆ ನೋಟವನ್ನು ತಾನು ಅಸೂಯೆ ಎಂದುಕೊಂಡು, ಮಾರನೆಯ ದಿನ ಇನ್ನೂ ದೊಡ್ಡ ಹೋಳು ಕೊಟ್ಟದ್ದೂ ನೆನಪಾಯಿತು. ತಾನು ಇಷ್ಟು ವರ್ಷ ಬಡಿಸಿದ್ದು ಈ ಹುಡುಗಿಗಲ್ಲ, ಕಸ್ತೂರೆವ್ವನ ಎರಡು ಬೆರಳಿಗೆ. ಬಾಯಿ ತೆರೆದರೆ ಅಳು ಬರಬಹುದೆಂದು ಹೆದರಿ, ಅದಕ್ಕಿಂತ ಕೆಟ್ಟದ್ದನ್ನು ಕೇಳಿದಳು. ನೀನು ದಾವಣಗೆರೆಗೆ ಹೋಗಬೇಕು ಅಂತಿದೀಯಾ ಎಂದು. ನೀವೇನು ಅಂತೀರಿ ಎಂದು ಶರಣ್ಯಾ ತಿರುಗಿ ಕೇಳಿದಳು. ಚೈತನ್ಯಾ ಒಲೆಯ ಕಡೆ ನೋಡುತ್ತ, ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು ಎಂದಳು. ಅಭ್ಯಾಸಬಲ, ನಾಲಿಗೆ ತನ್ನ ದಾರಿ ತಾನು ಹಿಡಿದಿತ್ತು.

ಶರಣ್ಯಾ ಬಾಟಲಿಗೆ ನೀರು ತುಂಬಿಕೊಂಡಳು. ಮುಚ್ಚಳ ತಿರುಪುತ್ತ, "ಮೊನ್ನೆ ರಜಕ್ಕೆ ಇಂಚರಾ ಕೆಂಗೇರಿ ಅಜ್ಜಿ ಮನೇಲಿ ಒಂದು ವಾರ ಇರ್ತೀನಿ ಅಂದಾಗ, ಬೇಡ ಅಂತ ಎಷ್ಟು ಕೂಗಾಡಿದ್ರಿ," ಎಂದಳು. "ಅವಳಿಗೆ ಅನುಕೂಲಾನಾ ಅಂತ ಕೇಳ್ಲಿಲ್ಲ." ಹೇಳಿದ್ದೇ ಹೊರಟುಹೋದಳು. ರೂಮಿನ ಬಾಗಿಲು ಮತ್ತೆ ಮೊದಲಿನಷ್ಟೇ, ಅರ್ಧ ಮುಚ್ಚಿತು.

ಚೈತನ್ಯಾಳನ್ನು ವಾಸನೆ ಎಚ್ಚರಿಸಿತು. ಸುಟ್ಟ ವಾಸನೆಯಲ್ಲ, ಹದವಾದ ವೆನಿಲಾ ವಾಸನೆ. ಬಾಗಿಲು ತೆರೆದು ಟಿನ್ನುಗಳನ್ನು ಹಿಂದುಮುಂದು ತಿರುಗಿಸುವಾಗ ಮಣಿಕಟ್ಟು ಒಳಗಿನ ಕಂಬಿಗೆ ತಾಗಿತು. ಚುರ್ ಎಂದದ್ದು ಹಿತವಾಗಿಯೇ ಇತ್ತು. ಬೆಂದು ಹೊರಗೆ ಬಂದವು ಎರಡೂ ಒಂದೇ ಅಚ್ಚಿನಿಂದ ತೆಗೆದ ಹಾಗಿದ್ದವು. ಒಂದೇ ಎತ್ತರ, ಒಂದೇ ಹೊಂಬಣ್ಣ, ಎಲ್ಲೂ ಓರೆಯಿಲ್ಲ, ಒಂದು ಕಪ್ಪು ಚುಕ್ಕೆಯಿಲ್ಲ. ಇಷ್ಟು ತಿಂಗಳು ಅವಳು ಹಂಬಲಿಸಿದ್ದು ಇದನ್ನೇ. ಆತ್ರೇಯನಿಗೆ ಫೋಟೋ ಕಳಿಸಬಹುದಿತ್ತು. ಅವಳು ಆರಿಸಿ, ಕ್ರೀಮು ಹಚ್ಚಿ, ಒಂದರ ಮೇಲೊಂದು ಕೂರಿಸಿ ನೋಡಿದಳು. ಅದು ಅಲುಗಾಡದೆ ಕೂತಿತು. ಎಷ್ಟು ಅಚ್ಚುಕಟ್ಟು, ಎಷ್ಟು ನೀರಸ ಎಂದು ಅವಳಿಗೆ ಅಳುವಷ್ಟು ಬೇಸರವಾಯಿತು. ಈ ಮನೆಯಲ್ಲಿ ಎಂಟು ವರ್ಷ ತಾನು ಒಂದು ಮಗುವಿಗೆ ಬೈದಿಲ್ಲ, ಹೊಡೆದಿಲ್ಲ, ಹರಿದ ದೋಸೆ ಕೊಟ್ಟಿಲ್ಲ. ಇದನ್ನು ಯಾರ ಮುಂದೆಯಾದರೂ ಹೇಳಿದರೆ ಹೊಗಳಿಯಾರು. ಆದರೆ ಆ ಹೊಗಳಿಕೆ ಕೇಳುತ್ತ ಇರಲು ತನ್ನಿಂದಾಗದು.

ಕೆಳಗೆ ಕಾರಿನ ಸದ್ದಾಯಿತು. ನೀಲಗಂಗಮ್ಮ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು, ಹಣೆಯ ತುಂಬ ವಿಭೂತಿ, ಕೈಯಲ್ಲಿ ದೊಡ್ಡ ಬ್ಯಾಗು. ಅವರ ಬಗ್ಗೆ ಚೈತನ್ಯಾಳಿಗೆ ಭಯವಿತ್ತೇ ಹೊರತು ದ್ವೇಷವಿರಲಿಲ್ಲ. ಬಂದಾಗಲೆಲ್ಲ ಅವರು ಇವಳ ಗಲ್ಲ ಸವರಿ, ಸೊರಗಿದ್ದೀಯ ಎನ್ನುತ್ತಿದ್ದರು. ಕೈಕಾಲು ತೊಳೆದು ಸೋಫಾದಲ್ಲಿ ಕೂತು ಬ್ಯಾಗು ಬಿಚ್ಚಿದರು. ಶರಣ್ಯಾಗೆ ಎರಡು ಜೊತೆ ಬಟ್ಟೆ, ಬೆಣ್ಣೆಯ ಡಬ್ಬಿ, ಖಾರದ ಮಂಡಕ್ಕಿ, ಕೈಯಲ್ಲಿ ಹೆಣೆದ ಚೀಲ, ಕೂದಲಿಗೆ ಕಾಸಿದ ಎಣ್ಣೆ. ಪಕ್ಕದಲ್ಲಿ ಆಸೆಯಿಂದ ನಿಂತಿದ್ದ ಇಂಚರಾಗೆ ಬ್ಯಾಗಿನ ತಳದಿಂದ ಒಂದು ಚಾಕಲೇಟು. ಅವರ ಮುಖದಲ್ಲಿ ಎಳ್ಳಷ್ಟೂ ಸಂಕೋಚವಿರಲಿಲ್ಲ. ಇವಳು ನನ್ನ ಮಗಳ ಮಗಳು, ಅದು ಅಲ್ಲ, ಅಷ್ಟೇ. ತಕ್ಕಡಿಯನ್ನು ಎಂದೂ ಕಂಡಿರದ ಆ ಕೈಗಳನ್ನು ನೋಡಿ ಚೈತನ್ಯಾಳಿಗೆ ಹೊಟ್ಟೆಕಿಚ್ಚಾಯಿತು. ಕಾಫಿ ತಂದಿಟ್ಟಳು. ಕೇಕು ತಂದಿಟ್ಟಳು. ಕೊಟ್ರೇಶ್, ಅರೇ ಅಂಗಡಿ ಕೇಕಿನ ಥರಾನೇ ಇದೆ ಎಂದ. ಯಾರೂ ಚಾಕು ಮುಟ್ಟಲಿಲ್ಲ. ಕಾಲೇಜಿನ ಮಾತು ಬಂತು, ಹಾಸ್ಟೆಲ್ಲಿನ ಅಗತ್ಯವೇ ಇಲ್ಲ, ಮನೆಯಿಂದ ನಡೆದೇ ಹೋಗಬಹುದು ಎಂಬ ಮಾತು ಬಂತು. ಕೊಟ್ರೇಶ್ ತನ್ನ ಎಂದಿನ ವಾಕ್ಯ ಹೇಳಿ ಫೋನು ತೆಗೆದುಕೊಂಡ. ಶರಣ್ಯಾ ಹೊಸ ಬಟ್ಟೆಯ ಮಡಿಕೆಯನ್ನು ಬಿಚ್ಚುತ್ತ, ಮಡಚುತ್ತ ಕೂತಿದ್ದಳು.

"ಅಪ್ಪನ್ನ ಕೇಳಿದ್ರೆ ಮಗಳನ್ನ ಕೇಳ್ರಿ ಅಂತಾನೆ. ಮಗಳು ಬಾಯೇ ಬಿಡಲ್ಲ," ಎಂದರು ನೀಲಗಂಗಮ್ಮ. ಚೈತನ್ಯಾಳ ಕಡೆ ತಿರುಗಿದರು. ದನಿಯಲ್ಲಿ ಕುಹಕವಿರಲಿಲ್ಲ, ಪ್ರಯಾಣದ ಆಯಾಸವಿತ್ತು. "ಸಾಕಿದಾಕಿ ನೀನು. ನೀನೇನಂತಿ ತಾಯಿ?"

ಕೆಂಗೇರಿಯ ಬುದ್ಧಿಮಾತು ನೆನಪಿತ್ತು. ಅನುಕೂಲ ಎಂಬ ಪದ ನಾಲಿಗೆಯ ತುದಿಗೆ ಬಂದು, ಉಗುಳು ನುಂಗಿದಾಗ ಅದೂ ಒಳಗೆ ಹೋಯಿತು.

"ಅವಳು ಹೋದ್ರೆ ನಂಗೆ ಆರಾಮ, ಅಮ್ಮ," ಎಂದಳು ಚೈತನ್ಯಾ.

ಕೊಟ್ರೇಶ್ ಫೋನಿನಿಂದ ತಲೆ ಎತ್ತಿದ. ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಇನ್ನು ಯಾವತ್ತೂ ಆಗುವುದಿಲ್ಲ ಎಂದು ಗೊತ್ತಿತ್ತು. "ಸುಳ್ಳು ಹೇಳಲ್ಲ. ಬೆಳಗ್ಗೆ ಅವಳ ರೂಮಿಗೆ ಹೋಗಿ, ಓವನ್ ಎಲ್ಲಿಡ್ಬಹುದು ಅಂತ ಗೋಡೆ ನೋಡ್ಕೊಂಡು ಬಂದಿದೀನಿ. ಅಂಥಾ ಹೆಂಗಸು ನಾನು." ಆಮೇಲೆ ಶರಣ್ಯಾಳ ಕಡೆ ತಿರುಗಿದಳು. ದನಿ ತಾನಾಗಿಯೇ ಏರಿತು, ಇಂಚರಾ ಮೇಲೆ ಮಾತ್ರ ಏರುತ್ತಿದ್ದ ಮಟ್ಟಕ್ಕೆ ಏರಿತು. "ಆದ್ರೂ ನೀನು ಹೋಗ್ಕೂಡ್ದು. ದಾವಣಗೆರೆನೂ ಬೇಡ, ಎಲ್ಲಿಗೂ ಬೇಡ. ಓದೋದು ಇದ್ರೆ ಇಲ್ಲೇ ಓದು. ನಿಂಗೆ ಅನುಕೂಲ ಆಗುತ್ತೋ ಬಿಡುತ್ತೋ, ನಾನು ಕೇಳಲ್ಲ. ಆ ಬಟ್ಟೇನ ಎಷ್ಟು ಸಲ ಮಡಚ್ತೀಯ, ಇಡು ಅತ್ಲಾಗೆ."

ಇಂಚರಾ ಚಾಕಲೇಟು ಬಾಯಲ್ಲಿಟ್ಟುಕೊಂಡು, ಬೈಸಿಕೊಂಡವಳು ತಾನಲ್ಲವೆಂದು ಖಚಿತ ಮಾಡಿಕೊಳ್ಳುವವಳಂತೆ ಸುತ್ತ ನೋಡಿದಳು. ಕೊಟ್ರೇಶನ ಮುಖದಲ್ಲಿ ನಾಚಿಕೆ, ಅದರ ಹಿಂದೆ ಭಯ. ಶರಣ್ಯಾಳ ಕಿವಿ, ಕೆನ್ನೆ, ಕತ್ತು ಎಲ್ಲ ಕೆಂಪಾಗಿದ್ದವು. ಅವಳು ಎದ್ದು ನಿಂತಳು.

"ನನ್ನ ರೂಮಲ್ಲಿ ಓವನ್ನಾ?" ಎಂದಳು. "ನನ್ನ ರೂಮಲ್ಲಿ?"

ಬಟ್ಟೆಯನ್ನು ಸೋಫಾದ ಮೇಲೆ ಎಸೆದು, ಯಾರ ಮುಖವನ್ನೂ ನೋಡದೆ, ಹೋಗಿ ಬಾಗಿಲು ಬಡಿದಳು. ಕಿಟಕಿಯ ಗಾಜು ಅದುರಿತು. ಕೊಟ್ರೇಶ್, ಏನು ಮಾತು ಅಂತ ಆಡ್ತೀಯ ಎಂದು ಹೆಂಡತಿಗೆ ಶುರುಮಾಡಿದವನು, ನೀಲಗಂಗಮ್ಮ ಕೈ ಎತ್ತಿದ್ದನ್ನು ನೋಡಿ ಸುಮ್ಮನಾದ. ನನ್ನ ರೂಮು ಎಂದು ಮೊಮ್ಮಗಳು ಬಡಿದು ಮುಚ್ಚಿದ ಬಾಗಿಲನ್ನೇ ಅವರು ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖ ಮೊದಲು ಗಂಟಿಕ್ಕಿತು, ಆಮೇಲೆ ಹೇಗೋ ಸಡಿಲವಾಯಿತು, ಕೊನೆಗೆ ಇನ್ನಷ್ಟು ಮುದಿಯಾದಂತೆ ಕಂಡಿತು. ಬರುವ ದಾರಿಯಲ್ಲಿ ಅವರು ಮೊಮ್ಮಗಳಿಗೆಂದು ಯಾವ ರೂಮು ಬಿಡಿಸಬೇಕು, ಯಾವ ಮಂಚ ಹಾಕಿಸಬೇಕು ಎಂದೆಲ್ಲ ಯೋಚಿಸಿಕೊಂಡೇ ಬಂದಿದ್ದಿರಬೇಕು. ಬ್ಯಾಗಿನ ಜಿಪ್ಪನ್ನು ಎಳೆದು ಮುಚ್ಚಿದರು.

"ಕೊಟ್ರೇಶಪ್ಪ, ನಾಳೆ ಬೆಳಗಿನ ಬಸ್ಸಿಗೆ ಸೀಟು ಮಾಡ್ಸಿಬಿಡು," ಎಂದರು. "ಒಂದೇ ಸಾಕು. ನಂದು."

ಚೈತನ್ಯಾಳಿಗೆ ಸಂತೋಷವಾಗಲಿಲ್ಲ. ಹಗುರವಾಗಬಹುದಾಗಿದ್ದ ಮನೆ ಇನ್ನು ಹಗುರವಾಗುವುದಿಲ್ಲ. ಇನ್ನು ಎರಡು ವರ್ಷ, ಆಮೇಲೂ, ಆ ಕಣ್ಣುಗಳು ಇಲ್ಲೇ ಇರುತ್ತವೆ, ತಾನು ಇವತ್ತು ಹೇಳಿದ್ದನ್ನು ಅವು ಮರೆಯುವುದಿಲ್ಲ. ಓಡಿಹೋಗಬೇಕೆನಿಸಿತು. ಹೋಗುವುದಾದರೂ ಎಲ್ಲಿಗೆ? ಅವಳು ಹಜಾರ ದಾಟಿ ಆ ಬಾಗಿಲ ಮುಂದೆ ನಿಂತಳು. ಒಳಗೆ ಅಳುವ ಸದ್ದಿರಲಿಲ್ಲ, ಕಪಾಟಿನ ಬಾಗಿಲುಗಳನ್ನು ಪಟಪಟನೆ ತೆಗೆದು ಹಾಕುವ ಸದ್ದಿತ್ತು. ಬಾಗಿಲ ಸಂದಿಯಲ್ಲಿ ಇವಳ ನೆರಳು ಕಂಡಿತೇನೋ.

"ಬರಬೇಡಿ ಒಳಗೆ," ಎಂದಳು ಶರಣ್ಯಾ.

ಇಷ್ಟು ವರ್ಷ ಇಂಥ ಮಾತಿಗೆ ಚೈತನ್ಯಾ, ಸರಿ ಎಂದು ಮೆತ್ತಗೆ ಹಿಂದೆ ಸರಿಯುತ್ತಿದ್ದಳು. ಅದನ್ನು ಮರ್ಯಾದೆ ಎಂದುಕೊಂಡಿದ್ದಳು. ಇವತ್ತು ಹಿಡಿ ತಿರುಗಿಸಿ ಒಳಗೆ ಹೋದಳು.

"ಬರಬೇಡಿ ಅಂದ್ನಲ್ಲ."

"ಕೇಳಿಸ್ತು," ಎಂದಳು ಚೈತನ್ಯಾ, ಮಂಚದ ಮೇಲಿದ್ದ ಬಟ್ಟೆಯ ರಾಶಿಯನ್ನು ಆಚೆ ಸರಿಸಿ ಕೂತಳು.